ಚೀಟಿ ಕಳಚಿದ ದುಂಬಿಗಳು

ಹೊಲಿಗೆ ಅಂಗಡಿ, ಮನೆಯ ಮುಂದಿನ ಕೋಣೆ
ಮಾರ್ಚ್ ಹನ್ನೊಂದು, ಬುಧವಾರ, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಗುಡ್ಡ ಹತ್ತಿ ಇಳಿದು ಮಂಡಿನೋವು ಹೆಚ್ಚಾಯಿತೋ, ಇಲ್ಲ ನಿನ್ನ ಹಟದ ಎದುರು ಅದೇ ಸೋತು ಸುಮ್ಮನಾಯಿತೋ? ಐವತ್ತೆರಡನೆಯ ವಯಸ್ಸಿನಲ್ಲಿ ಬಲೆ ಹಿಡಿದು ಹುಳದ ಹಿಂದೆ ಓಡುವ ಹೆಂಗಸು ನಮ್ಮ ವಂಶದಲ್ಲಿ ನೀನೇ ಮೊದಲು. ಬಹುಶಃ ಕೊನೆಯವಳೂ ನೀನೇ. ಬಿಸಿನೀರು ಕುಡಿ. ಡೇರೆಯಲ್ಲಿ ಮಲಗುವಾಗ ನಾನು ಹೊಲಿದುಕೊಟ್ಟ ಉಣ್ಣೆಯ ಚೀಲವನ್ನು ಕಾಲಿಗೆ ಹಾಕಿಕೋ, ತಲೆದಿಂಬು ಮಾಡಿಕೊಳ್ಳಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನವಳ ಕೆಮ್ಮು ಹೋಯಿತು, ಅದರ ಜೊತೆಗೆ ಅವಳ ಮೌನವೂ ಹೋಯಿತು.

ಇನ್ನು ಸುದ್ದಿಗೆ ಬರಬೇಕು. ಬರಲು ಧೈರ್ಯವಿಲ್ಲದೆ ನಿನ್ನ ಮಂಡಿಯ ಹತ್ತಿರವೇ ಇಷ್ಟು ಹೊತ್ತು ಕುಳಿತಿದ್ದೆ. ನಿನ್ನ ಬಿಡಾರಕ್ಕೆ ಫೋನು ಸಿಗುವುದಿಲ್ಲ. ವಾರಕ್ಕೊಮ್ಮೆ ದಿನಸಿ ಜೀಪಿನಲ್ಲಿ ಹೋಗುವ ಟಪಾಲೇ ಗತಿ. ಹಾಗಾಗಿ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ: ನೀನು ನನ್ನನ್ನು ನಂಬಿ ಬಿಟ್ಟುಹೋದ ಸೂಜಿಗೆ ಚುಚ್ಚಿಟ್ಟ ಮೂರು ಡಬ್ಬಿ ಸತ್ತ ದುಂಬಿಗಳನ್ನು ನಾನು ಕೆಡಿಸಿದ್ದೇನೆ. ದುಂಬಿಗಳು ಹಾಗೇ ಇವೆ, ಒಂದರ ಕಾಲೂ ಮುರಿದಿಲ್ಲ. ಆದರೂ ಕೆಡಿಸಿದ್ದೇನೆ.

ಆದದ್ದು ಹೀಗೆ. ಮೂರು ವಾರದ ಹಿಂದೆ ಡಬ್ಬಿಯ ತಳದಲ್ಲಿ ಕಂದು ಪುಡಿ ಕಾಣಿಸಿತು. ಸತ್ತ ಹುಳಗಳನ್ನು ತಿನ್ನುವ ಇನ್ನೊಂದು ಹುಳ ಸೇರಿಕೊಂಡಿದೆ ಎಂದು ತಿಳಿಯಿತು. ಹೋಗುವ ದಿನ ಬಾಗಿಲಲ್ಲಿ ನಿಂತು ನೀನು ಹೇಳಿದ್ದೆ: "ಪುಡಿ ಕಂಡ್ರೆ ಡಬ್ಬಿನ ಹಾಗೇ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಂದು ವಾರ ಫ್ರೀಜರ್‌ನಲ್ಲಿಡು. ಬೇರೆ ಏನೂ ಮಾಡೋಕೆ ಹೋಗ್ಬೇಡ ಮಾರಾಯ." ನಾನು ಬೇರೆ ಏನೋ ಮಾಡಲು ಹೋದೆ. ಫ್ರೀಜರಿನಲ್ಲಿಟ್ಟ ಪೊಟ್ಟಣಗಳ ಮೇಲಿನ ಅಕ್ಷರ ನೀರಾಗಿ ಇಳಿಯುವುದನ್ನು ನೋಡಿದವನು ನಾನು. ಪ್ರತಿ ಸೂಜಿಯಲ್ಲೂ ಮೇಲೆ ದುಂಬಿ, ಕೆಳಗೆ ಉಗುರಿನಷ್ಟು ಅಗಲದ ಚೀಟಿ. ಅದರಲ್ಲಿ ನಿನ್ನ ಇರುವೆಸಾಲಿನ ಅಕ್ಷರದಲ್ಲಿ ನಂಬರು, ಸಿಕ್ಕಿದ ಜಾಗ, ಗುಡ್ಡದ ಎತ್ತರ, ತಾರೀಖು. ಮೂವತ್ತು ವರ್ಷದಿಂದ ನನ್ನ ಕೈಗೆ ಒಂದೇ ಅಭ್ಯಾಸ: ಬಟ್ಟೆಗೆ ನೀರು ತಾಗುವ ಮೊದಲು ಗಿರಾಕಿಯ ಅಳತೆಚೀಟಿ ಬಿಚ್ಚಿ ತಂತಿಗೆ ಚುಚ್ಚಬೇಕು. ಬಟ್ಟೆ ಹಾಳಾದರೆ ಇನ್ನೊಂದು ಹೊಲಿಯಬಹುದು, ಚೀಟಿ ಹಾಳಾದರೆ ಯಾರಿಗೆ ಹೊಲಿಯುವುದು? ಅದೇ ಲೆಕ್ಕದಲ್ಲಿ ನೂರಾ ಮೂವತ್ತೆಂಟು ಚೀಟಿಗಳನ್ನೂ ಬಿಚ್ಚಿ, ಸಾಲು ತಪ್ಪದಂತೆ ತಂತಿಗೆ ಚುಚ್ಚಿದೆ. ಅಲ್ಲಿಗೇ ನಿಲ್ಲಿಸಿದ್ದರೂ ಬಚಾವಾಗುತ್ತಿದ್ದೆ. ಆದರೆ ಮೂರು ಡಬ್ಬಿ ಫ್ರೀಜರಿನಲ್ಲಿ ಹಿಡಿಸಲಿಲ್ಲ. ದುಂಬಿಗಳನ್ನೆಲ್ಲ ಕಿತ್ತು, ಬಿಸ್ಕತ್ತಿನ ತಗಡಿನ ಡಬ್ಬಿಗೆ ಥರ್ಮಾಕೋಲು ಹಾಸಿ, ಜಾಗ ಸಿಕ್ಕಲ್ಲೆಲ್ಲ ಚುಚ್ಚಿದೆ. ವಾರ ಕಳೆದು ಮುಚ್ಚಳ ತೆಗೆದಾಗ ಈ ಕಡೆ ದುಂಬಿಗಳು, ಆ ಕಡೆ ಚೀಟಿಗಳು. ಸಂತೆಯಲ್ಲಿ ಕೈಬಿಟ್ಟ ಮಕ್ಕಳ ಹಾಗೆ ನೂರಾ ಮೂವತ್ತೆಂಟು ಜೀವಗಳು ನನ್ನ ಮುಖ ನೋಡುತ್ತಿದ್ದವು.

ನಿನ್ನ ನೋಟುಬುಕ್ಕಿನಲ್ಲಿ ನಂಬರಿನ ಎದುರಿಗೆ ಪ್ರತಿ ದುಂಬಿಯ ಚಹರೆ ಬರೆದಿದೆಯಲ್ಲ, ಅದನ್ನು ನೋಡಿ ಜೋಡಿಸೋಣ ಅಂದುಕೊಂಡೆ. ತೆರೆದರೆ ಒಂದಕ್ಷರ ತಲೆಗೆ ಹತ್ತಲಿಲ್ಲ. ಪುಣ್ಯಕ್ಕೆ ಮೊದಲ ಪುಟಗಳಲ್ಲಿ ನಿನ್ನ ಶಾಲೆಯ ಮಕ್ಕಳಿಗೆಂದು ಬರೆದ ಪಾಠವಿತ್ತು. ಅಂಗಡಿಯ ಬಾಗಿಲು ಅರ್ಧ ಎಳೆದು, ಕತ್ತರಿಸುವ ಮೇಜಿನ ಮೇಲೆ ಅದನ್ನು ಹರಡಿಕೊಂಡು ಕಲಿತೆ ಅಕ್ಕ. ಕಾಲಿನಲ್ಲಿ ಕೀಲುಕೀಲು ಇದ್ದು, ಮೂಳೆಯ ಬದಲು ಮೈಹೊರಗೆ ಗಟ್ಟಿ ಕವಚ ತೊಟ್ಟವೆಲ್ಲ ಸಂಧಿಪದಿಗಳು. ಏಡಿ, ಚೇಳು, ಜೇಡ, ಸಹಸ್ರಪದಿ ಎಲ್ಲವೂ ಆ ದೊಡ್ಡ ಮನೆಯವರೇ. ಅವರಲ್ಲಿ ಮೈ ಮೂರು ಭಾಗ, ಕಾಲು ಆರು ಇದ್ದರೆ ಮಾತ್ರ ಕೀಟ. ಎಂಟು ಕಾಲಿನ ಜೇಡವನ್ನು ನಾನು ಇಷ್ಟು ವರ್ಷ ಸುಮ್ಮಸುಮ್ಮನೆ ಹುಳವೆಂದು ಬೈದೆ. ತಲೆ, ಎದೆ, ಹೊಟ್ಟೆ. ಆರು ಕಾಲೂ ಎರಡು ಜೊತೆ ರೆಕ್ಕೆಯೂ ಎದೆಗೇ ಕೂಡಿರುತ್ತವೆ, ತೋಳು ಅಂಗಿಯ ಎದೆಭಾಗಕ್ಕೆ ಕೂಡುವಂತೆ. ಇದು ನನಗೆ ತಕ್ಷಣ ಅರ್ಥವಾಯಿತು. ದುಂಬಿಯ ಮುಂದಿನ ರೆಕ್ಕೆ ಹಾರಲಿಕ್ಕಲ್ಲ, ಹಿಂದಿನ ತೆಳು ರೆಕ್ಕೆಯನ್ನು ಕಾಯುವ ಮೇಲಂಗಿ. ಉಸಿರಾಟ ಮೂಗಿನಿಂದಲ್ಲ, ಪಕ್ಕೆಯ ಸಣ್ಣ ರಂಧ್ರಗಳಿಂದ. ಬೆಳೆಯಬೇಕಾದರೆ ಹಳೆಯ ಕವಚ ಕಳಚಿ ಹೊಸದು ತೊಡಬೇಕು, ಹಳೆಯದನ್ನು ಬಿಚ್ಚಿ ಅಗಲ ಮಾಡುವ ಮಾತೇ ಇಲ್ಲ. ತಲೆಯ ಮೇಲಿನ ಕುಡಿಮೀಸೆಯಲ್ಲಿ ಎಷ್ಟು ಗಂಟು, ತುದಿ ಗದೆಯಂತಿದೆಯೋ ಗರಗಸದಂತಿದೆಯೋ ಎಂದು ಭೂತಗನ್ನಡಿ ಹಿಡಿದು ಎಣಿಸುತ್ತಿದ್ದರೆ ನನ್ನವಳು ಬಾಗಿಲಿಗೆ ಒರಗಿ ನಿಂತು ಕೇಳಿದಳು: "ಮನುಷ್ಯರ ಎದೆ ಅಳತೇನೇ ತಪ್ತೀರಿ, ಇದರದ್ದು ಸರಿಯಾಗುತ್ತಾ?"

ಸರಿಯಾಯಿತು ಅಕ್ಕ, ಒಂದು ಮಟ್ಟಿಗೆ. ಹನ್ನೆರಡು ದಿನದಲ್ಲಿ ತೊಂಬತ್ತೊಂದು ದುಂಬಿಗಳಿಗೆ ಅವುಗಳ ಚೀಟಿ ಸಿಕ್ಕಿತು. ಕೆಲವು ಜಾತಿಯಲ್ಲಿ ಒಂದೊಂದೇ ಇದ್ದವು. ಕೆಲವಕ್ಕೆ ನೀನು ಒಂದು ಎಡಗಾಲಿಲ್ಲ, ರೆಕ್ಕೆಯ ಅಂಚು ಹರಿದಿದೆ ಎಂದು ಗುರುತು ಬರೆದಿದ್ದೆ. ಒಂದೊಂದು ಕೂಡಿದಾಗಲೂ ಮದುವೆ ಮಾಡಿಸಿದಷ್ಟು ಖುಷಿ. ಉಳಿದದ್ದು ನಲವತ್ತೇಳು. ಎಲ್ಲವೂ ಒಂದೇ ಜಾತಿ, ಅಕ್ಕಿಕಾಳಿಗಿಂತ ತುಸು ದೊಡ್ಡ ಕಂದು ದುಂಬಿ. ಗಂಟು ಎಣಿಸಿದರೆ ಎಲ್ಲಕ್ಕೂ ಹನ್ನೊಂದು. ಮೇಲಂಗಿಯ ಗೆರೆ ಎಣಿಸಿದರೆ ಎಲ್ಲಕ್ಕೂ ಒಂಬತ್ತು. ನೋಟುಬುಕ್ಕಿನಲ್ಲಿ ನಲವತ್ತೇಳರ ಎದುರಿಗೂ 'ಮೇಲಿನಂತೆ' ಎಂದಿದೆ. ಇದೇ ದುಂಬಿ ವರ್ಷವರ್ಷಕ್ಕೂ ಗುಡ್ಡದ ಮೇಲೆಮೇಲಕ್ಕೆ ಹೋಗುತ್ತಿದೆ ಎಂದಲ್ಲವೇ ನೀನು ಎಂಟು ವರ್ಷದಿಂದ ಹೇಳುತ್ತಿರುವುದು? ಯಾವುದು ಬುಡದಲ್ಲಿ ಸಿಕ್ಕಿತು, ಯಾವುದು ನೆತ್ತಿಯಲ್ಲಿ ಎಂಬುದು ಚೀಟಿಯಲ್ಲಿ ಮಾತ್ರ ಇತ್ತು. ನಾನು ಕಲಿತ ಮಾತೆಲ್ಲ ಹುಳದ ಮೈಯದು. ಅದರ ಮೈಮೇಲೆ ಕುಲ ಬರೆದಿದೆ, ಗಂಡೋ ಹೆಣ್ಣೋ ಬರೆದಿದೆ, ಊರು ಬರೆದಿಲ್ಲ. ಇದು ಗೊತ್ತಾದ ದಿನ ಭೂತಗನ್ನಡಿ ಕೆಳಗಿಟ್ಟೆ. ಗಿರಾಕಿ ಬಂದು ಕರೆದರೂ ಏಳಲಿಲ್ಲ.

ಶುಕ್ರವಾರ ನಿನ್ನ ಪಿಎಚ್‌ಡಿ ಗೈಡ್ ಮೇಷ್ಟ್ರ ಲ್ಯಾಬಿನವರು ಡಬ್ಬಿ ಒಯ್ಯಲು ಬರುತ್ತಾರೆ. ಪರೀಕ್ಷಕರು ದುಂಬಿಗಳನ್ನು ನೋಡಿ ಒಪ್ಪಿದರೆ ಮಾತ್ರ ನಿನಗೆ ಪದವಿ. ನಿನಗೆ ಶಾಲೆಯವರು ಕೊಟ್ಟ ರಜೆಯೂ ಈ ವರ್ಷಕ್ಕೇ ಕೊನೆ. ಎಲ್ಲ ಗೊತ್ತಿದೆ. ಈ ಕಾಗದ ನಿನಗೆ ಸಿಕ್ಕಿ ಉತ್ತರ ಬರಲು ಎರಡು ವಾರ ಬೇಕು, ಅದೂ ಗೊತ್ತಿದೆ. ನನ್ನವಳು ಮೊನ್ನೆ ಊಟ ಬಡಿಸುತ್ತ ಮೆಲ್ಲಗೆ ಅಂದಳು: "ಅಂದಾಜಿಗೆ ಚುಚ್ಚಿಬಿಡಿ. ಹುಳ ಎದ್ದು ಬಂದು ಸಾಕ್ಷಿ ಹೇಳುತ್ತಾ?" ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನಾನು ಅನ್ನ ಬಿಟ್ಟಿದ್ದು ನೋಡಲಾರದೆ ಅಂದಳು. ನಿನ್ನೆ ಹಾಗೇ ಮಾಡಿದೆ. ನಲವತ್ತೇಳು ಚೀಟಿಗಳನ್ನೂ ಸಿಕ್ಕ ಸಿಕ್ಕ ಸೂಜಿಗೆ ಏರಿಸಿ ಸಾಲಾಗಿ ನಿಲ್ಲಿಸಿದೆ. ನೋಡಲು ಏನೂ ಆಗಿಯೇ ಇಲ್ಲವೆಂಬಂತಿದೆ. ನೀನೇ ಬಂದು ನೋಡಿದರೂ ಕಂಡುಹಿಡಿಯಲಾರೆ. ಅದಕ್ಕೇ ಈ ಕಾಗದ ಬರೆಯಲು ಕುಳಿತೆ.

ಹೊದ್ದು ಮಲಗು, ಒಬ್ಬಳೇ ಕಡಿದಾದ ಕಡೆ ಹೋಗಬೇಡ. ನನ್ನವಳು ನಿನಗೆ ನಮಸ್ಕಾರ ಹೇಳಿದ್ದಾಳೆ. ನಿನ್ನ ಕಾಲಿಗೆ ಬಿದ್ದೆ ಎಂದು ತಿಳಿದುಕೋ. ದೊಡ್ಡವಳು ನೀನು, ಕ್ಷಮಿಸಲಾಗದಿದ್ದರೂ ಹರಸು.

ನಿನ್ನ ತಮ್ಮ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಲ್ಯಾಬಿನವರು ಬಂದೇಬಿಟ್ಟರು, ಎರಡು ದಿನ ಮುಂಚೆ. ಡಬ್ಬಿ ಕೈಗೆ ಕೊಡಲು ಹೋದೆ, ಕೈ ಬಿಡಲಿಲ್ಲ. ಅವರನ್ನು ಕೂರಿಸಿ, ಅವರ ಕಣ್ಣೆದುರೇ ನಲವತ್ತೇಳೂ ಚೀಟಿ ಬಿಚ್ಚಿ, ಇದು ನನ್ನ ಕೈತಪ್ಪು, ಅಕ್ಕನದಲ್ಲ ಎಂದು ಬರೆದು ಸಹಿ ಹಾಕಿ ಡಬ್ಬಿಯ ಜೊತೆಗೆ ಕೊಟ್ಟೆ. ಅವರು ಮೇಷ್ಟ್ರಿಗೆ ಫೋನು ಮಾಡಿದರು. ಮೇಷ್ಟ್ರು, ಇವು ಲೆಕ್ಕಕ್ಕೆ ಬರಲ್ಲ, ಈ ವರ್ಷ ಕಷ್ಟ ಅಂದರಂತೆ. ನಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯುತ್ತಿಲ್ಲ ಅಕ್ಕ. ಒಂದು ನಕಲು ಬರೆದಿಟ್ಟುಕೊಂಡು ಆ ನಲವತ್ತೇಳು ಚೀಟಿಗಳನ್ನೂ ಇದೇ ಲಕೋಟೆಯಲ್ಲಿ ಕಳಿಸಿದ್ದೇನೆ. ಲಕೋಟೆಯನ್ನು ಗಾಳಿಯಲ್ಲಿ ಒಡೆಯಬೇಡ.