ತೋಳ ದಾರಿ ಕಲಿಯಿತು

ಮೇ ೧೯, ಸೋಮವಾರ. ಗಜೇಂದ್ರಗಡ.

ತಮ್ಮ ದ್ಯಾಮೇಶನ ಎಡಗಾಲು ತೆಗೆದರಂತೆ. ಮಿಲಿಟರಿ ದವಾಖಾನೆಯಿಂದ ಫೋನ್ ಬಂತು. ಗಡಿಯಲ್ಲಿ ಅವನು ಡ್ರೋನ್ ಹಾರಿಸುತ್ತಿದ್ದ ಜಾಗಕ್ಕೇ ಆ ಕಡೆಯ ಡ್ರೋನ್ ಬಂದು ಬಿದ್ದಿದೆ. ಅಲ್ಲಿದ್ದ ನಾಲ್ಕು ದಿನವೂ ಒಂದೇ ಜಾಗದಿಂದ ಹಾರಿಸಿದ್ದನಂತೆ.

ಅವ್ವ ಅಳಲಿಲ್ಲ. "ಕುರಿ ಹಟ್ಟಿ ಒಂದ ಹೊಲದಾಗ ಭಾಳ ದಿನ ಹಾಕಬ್ಯಾಡ, ತೋಳ ದಾರಿ ಕಲೀತೈತಿ ಅಂತ ನಿಮ್ಮಪ್ಪ ಬಡ್ಕೋತಿದ್ದ. ಇಪ್ಪತ್ತು ವರ್ಷ ಮಿಲಿಟ್ರ್ಯಾಗ ಇದ್ದಾಂವ ನೀ, ತಮ್ಮಗ ಇಷ್ಟ ಹೇಳಾಕ ಆಗ್ಲಿಲ್ಲೇನ?"

ಅದು ಕುರಿ, ಇದು ಯಂತ್ರ ಎನ್ನಲು ಹೋದೆ. ಅಷ್ಟಕ್ಕೇ ಬಿಟ್ಟು ಫೋನ್ ತೆಗೆದೆ.

ದ್ಯಾಮೇಶ ದಿನಕ್ಕೊಂದರಂತೆ ಕಳಿಸಿದ್ದ ನಾಲ್ಕು ಫೋಟೋಗಳನ್ನು ಈಗ ಮತ್ತೆ ತೆರೆದೆ. ನಾಲ್ಕರಲ್ಲೂ ಅವನ ಬೆನ್ನ ಹಿಂದೆ ಅದೇ ಮುರುಕು ಗೋಡೆ. ನಾನು ನೋಡಿದ್ದು ಡ್ರೋನ್ ಮಾತ್ರ. ನಾನೊಬ್ಬ ಹವಾಲ್ದಾರನಂತೆ, ಹವಾಲ್ದಾರ! ನಾಲ್ಕಕ್ಕೂ ಉತ್ತರ ಬರೆದಿದ್ದೆ: "ಭಾಳ ಚಲೋ ಐತಿ."