ನದಿಯ ತಿರುವಿನಲ್ಲಿ ನಮ್ಮ ಮೂರನೇ ನಗರ

ಮನೆ, ಮಹಡಿಯ ಕೋಣೆ
ಹದಿನಾರನೇ ತಾರೀಕು, ಭಾನುವಾರ ಸಂಜೆ

ಪ್ರೀತಿಯ ಮೊಮ್ಮಗಳೇ,

ತಾತನ ಮನಃಪೂರ್ವಕ ಆಶೀರ್ವಾದಗಳು. ನಿನ್ನ ಕೆಮ್ಮು ವಾಸಿಯಾಯಿತೇ? ಭೂಮಾಪನದ ತರಬೇತಿಯೆಂದು ಬಿಸಿಲಿನಲ್ಲಿ ಅಲೆಯುವಾಗ ತಲೆಗೆ ಟೋಪಿ ಇರಲಿ ಎಂಬ ನನ್ನ ಹಿಂದಿನ ಮನವಿಗೆ ಇದುವರೆಗೂ ಉತ್ತರ ಬಾರದಿರುವುದರಿಂದ, ಅದನ್ನೇ ಈ ಮೂಲಕ ಪುನಃ ಸಲ್ಲಿಸುತ್ತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮಂಡಿನೋವು ಇದ್ದಲ್ಲೇ ಇದೆ, ಆದರೆ ಅದನ್ನು ಬರೆಯುವ ದಿನ ಇದಲ್ಲ. ಇಂದು ನಾವು ಗೆದ್ದೆವು.

ಮನೆಯವರೆಲ್ಲ ಸೇರಿ ಒಂದೇ ರಾಜ್ಯವನ್ನಾಳಿ, ಪ್ರತಿ ಭಾನುವಾರ ಎದುರು ಮನೆಯ ಔಷಧಿ ಅಂಗಡಿಯವರ ರಾಜ್ಯದ ವಿರುದ್ಧ ಹೋರಾಡುವಂತೆ ನೀನು ನಡುಮನೆಯ ಟಿವಿಗೆ ಆ ಕಂಪ್ಯೂಟರ್ ಆಟ ಜೋಡಿಸಿಕೊಟ್ಟು ಹೋದೆಯಷ್ಟೆ. ನೀನಿದ್ದಾಗ ಹೊಸ ನಗರ ಎಲ್ಲಿ ಕಟ್ಟಬೇಕೆಂಬ ಜಗಳವನ್ನು ನೀನೇ ಬಗೆಹರಿಸುತ್ತಿದ್ದೆ. ನೀನು ಹೋದ ಮೇಲೆ ಹೊಸ ಆಟ ಶುರುವಾಗಿ ಮೌಸ್ ನಿನ್ನಪ್ಪನ ವಶವಾಯಿತು. ದಿನವಿಡೀ ಸಾಗಣೆ ಕಚೇರಿಯಲ್ಲಿ ಕುಳಿತು ಲಾರಿಗಳನ್ನು ಓಡಿಸುವ ಅವನಿಗೆ ರಸ್ತೆ ಕಂಡಲ್ಲೆಲ್ಲ ನಗರ ಬೇಕು. ನಾವು ಬಾಯಿ ತೆರೆಯುವಷ್ಟರಲ್ಲಿ ಒತ್ತಿ ಮುಗಿಸಿರುತ್ತಿದ್ದ; ಮೊದಲ ನಗರ ಹಾಗೆಯೇ ಎದ್ದಿತು. ದಂತವೈದ್ಯೆಯಾದ ನಿನ್ನಮ್ಮ, ಊರಿನವರ ಬಾಯಿಯನ್ನೆಲ್ಲ ತೆರೆಸುವವಳು, ತಾನು ಮಾತ್ರ ಆಟದ ಮುಂದೆ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದಳು.

ಇದು ನ್ಯಾಯವಲ್ಲವೆಂದು ಮನಗಂಡು, ಜೀವಮಾನವೆಲ್ಲ ನ್ಯಾಯಾಲಯದ ಮುಂದೆ ಕುಳಿತು ಅರ್ಜಿ ಬರೆದುಕೊಟ್ಟ ನಾನು ಸುಮ್ಮನಿರುವುದುಂಟೇ? ಪ್ರತಿಯೊಬ್ಬರೂ ತಮ್ಮ ಜಾಗದ ಪರವಾಗಿ ಒಂದು ಅರ್ಜಿ ಬರೆದು ಓದತಕ್ಕದ್ದು, ಬಳಿಕ ಮೆಚ್ಚಿದ ಜಾಗಕ್ಕೆ ಕೈ ಎತ್ತತಕ್ಕದ್ದು ಎಂದು ಆಜ್ಞೆ ಹೊರಡಿಸಿದೆ. ರೇಡಿಯೋದಲ್ಲಿ ಸುದ್ದಿ ಓದುವ ನಿನ್ನ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಬೆಟ್ಟದ ನೆತ್ತಿಯ ಚಿನ್ನದ ಗಣಿಯನ್ನು ಎಂಥ ವಾಕ್ಯಗಳಲ್ಲಿ ವರ್ಣಿಸಿದನೆಂದರೆ, ನನ್ನ ಕೈ ತಾನಾಗಿ ಮೇಲೆದ್ದಿತು. ನಿನ್ನಪ್ಪನದೂ ಎದ್ದಿತು. ಎರಡನೇ ನಗರ ಅಲ್ಲೇ ಕಟ್ಟಿದೆವು. ಬೆಟ್ಟದ ಮೇಲೆ ಹನಿ ನೀರಿಲ್ಲ. ಬೆಳೆಯಿಲ್ಲದೆ ಪ್ರಜೆಗಳು ಹಸಿದು ದಂಗೆಯೆದ್ದರು. ನಿನ್ನಮ್ಮ ಕುರ್ಚಿ ಬಿಟ್ಟು ಎದ್ದಳು.

"ಮಾವ, ನೀವು ಜಾಗ ನೋಡ್ಲಿಲ್ಲ, ಭಾಷೆ ನೋಡಿದ್ರಿ. ಇನ್ಮೇಲೆ ನೀವೇ ಆಡ್ಕೊಳ್ಳಿ, ನಾನು ಬರಲ್ಲ."

ಅವಳಿಲ್ಲದ ಆಟ ಆಟವೇ? ಆ ವಾರವೆಲ್ಲ ಯೋಚಿಸಿದೆ. ನಮ್ಮ ವೃತ್ತಿಯಲ್ಲಿ ಒಂದು ಕಟ್ಟಳೆಯುಂಟು: ಬರೆದದ್ದನ್ನು ಅರ್ಜಿದಾರನಿಗೆ ಓದಿ ಹೇಳಬೇಕು, "ಹೌದು, ನನ್ನ ಮಾತು ಇದೇ" ಎಂದು ಅವನು ತಲೆಯಾಡಿಸುವ ತನಕ ಸಹಿಗೆ ಕೊಡುವಂತಿಲ್ಲ. ಅದನ್ನೇ ಆಟಕ್ಕೆ ತಂದೆ. ಯಾರೂ ತಮ್ಮ ಜಾಗದ ಪರ ಮಾತಾಡುವಂತಿಲ್ಲ, ಚೀಟಿಯಲ್ಲಿ ಬಂದ ಮತ್ತೊಬ್ಬರ ಜಾಗದ ಪರ ಮಾತಾಡಬೇಕು. ಆ ಜಾಗದವರು ಒಪ್ಪಿದ ಮೇಲೆಯೇ ಕೈ ಎತ್ತುವುದು, ಅದೂ ತಮ್ಮ ಜಾಗಕ್ಕಲ್ಲ. ಇದೊಂದು ವಾರ ಬಂದು ನೋಡೆಂದು ನಿನ್ನಮ್ಮನನ್ನು ಬೇಡಿಕೊಂಡೆ. ಕಳೆದ ಭಾನುವಾರ ಬಂದಳು, ಮುಖ ಬಿಗಿದುಕೊಂಡೇ.

ಅವಳ ಜಾಗ ಚಿಕ್ಕಪ್ಪನ ಪಾಲಿಗೆ ಬಂತು: ನದಿಯ ತಿರುವಿನ ಬೋಳು ಬಯಲು. ಹಸಿರು ದಡ, ಬೆಳ್ಳಿಯ ಅಲೆ ಎಂದು ಅವನು ಶುರುಮಾಡಿದ. ಅವಳು ತಲೆಯಾಡಿಸಲಿಲ್ಲ. ಅವನು ಮತ್ತೆ ಹೇಳಿದ. ಆಗಲೂ ಇಲ್ಲ. ಕೊನೆಗೆ ಬೆವರೊರೆಸಿಕೊಂಡು, ಅತ್ತಿಗೇ, ನೀವು ಹೇಳೋದಾದ್ರೂ ಏನು ಎಂದು ಕೇಳಿಯೇಬಿಟ್ಟ.

"ಮೂರು ಕಡೆ ನೀರಿದೆ. ಒಂದು ಕಡೆ ಕಾದ್ರೆ ಸಾಕು. ಅಷ್ಟೇ."

ನಿನ್ನಪ್ಪ ಎದ್ದು ಹೋಗಿ ಟಿವಿಗೆ ಮೂಗು ತಾಗಿಸಿ ನೋಡಿದ. "ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?"

"ಮೊದಲ್ನೇ ನಗರಕ್ಕೇ ಹೇಳಿದ್ದೆ. ಅಷ್ಟರಲ್ಲಿ ನೀವು ಒತ್ತಿ ಆಗಿತ್ತು."

ಚಿಕ್ಕಪ್ಪ ಅವಳ ಮಾತನ್ನು ಒಂದಕ್ಷರ ಸೇರಿಸದೆ ಹೇಳಿದ, ಅವಳು ತಲೆಯಾಡಿಸಿದಳು, ನಮ್ಮ ಕೈಗಳೆಲ್ಲ ಎದ್ದವು, ಮೂರನೇ ನಗರ ಅಲ್ಲೇ ಕಟ್ಟಿದೆವು. (ನನ್ನ ಜಾಗಕ್ಕೆ ಒಂದು ಕೈಯೂ ಏಳಲಿಲ್ಲ. ಬಿಸಿನೀರಿನ ಬುಗ್ಗೆಯ ಬೆಲೆ ಮಂಡಿನೋವಿಲ್ಲದವರಿಗೆ ತಿಳಿಯದು.) ಇಂದು ಮಧ್ಯಾಹ್ನ ಔಷಧಿ ಅಂಗಡಿಯವರು ಸಮಸ್ತ ಸೈನ್ಯದೊಂದಿಗೆ ಆ ನಗರದ ಮೇಲೆ ಬಿದ್ದರು. ಮೂರು ದಿಕ್ಕಿನಲ್ಲಿ ನದಿ ತಡೆಯಿತು, ನಾಲ್ಕನೆಯದರಲ್ಲಿ ನಮ್ಮ ಪಡೆ ನಿಂತಿತ್ತು. ಸಂಜೆಯ ಹೊತ್ತಿಗೆ ಅವರ ಬಳಿ ಸೈನ್ಯವೆಂಬುದೇ ಉಳಿಯಲಿಲ್ಲ. ಆ ಮಹಾಶಯರು ತಮ್ಮ ಕಿಟಕಿಗೆ ಬಂದು ನಿಂತು ಇತ್ತ ಕೈ ಮುಗಿದರು. ನಿನ್ನಮ್ಮ ನಮ್ಮ ಕಿಟಕಿಯಿಂದ, ಹಲ್ಲು ನೋವಿದ್ದರೆ ನಾಳೆ ಬನ್ನಿ ಅಂದಳು. ಇಡೀ ಬೀದಿಗೆ ಕೇಳಿಸಿತು.

ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಹೊತ್ತು ಹೊತ್ತಿಗೆ ಉಣ್ಣು, ಟೋಪಿ ಹಾಕಿಕೋ.

ಇಂತು, ಗೆದ್ದ ರಾಜ್ಯದ ಹಿರಿಯ ಪ್ರಜೆ,
ನಿನ್ನ ತಾತ

ಅವಸರದಲ್ಲಿ ಇಷ್ಟನ್ನು ಸೇರಿಸುತ್ತಿದ್ದೇನೆ: ಇನ್ನು ಮೌಸ್ ಸರದಿಯ ಪ್ರಕಾರ ಸಾಗತಕ್ಕದ್ದೆಂದು ನಿನ್ನಮ್ಮ ಈಗಷ್ಟೇ ತೀರ್ಪು ಕೊಟ್ಟಿದ್ದಾಳೆ. ಮೊದಲ ಸರದಿ ನನ್ನದಂತೆ. ಬೇಡವೆಂದರೆ ಅವಳ ಮಾತು ತೆಗೆದುಹಾಕಿದಂತಾಗುತ್ತದೆಂದು ದೊಡ್ಡಸ್ತಿಕೆಯಿಂದ ಒಪ್ಪಿಬಿಟ್ಟೆ. ನಾನು ಅದನ್ನು ಈವರೆಗೂ ಮುಟ್ಟಿದವನಲ್ಲ. ಒತ್ತಬೇಕಾದದ್ದು ಎಡಗಡೆಯ ಗುಂಡಿಯೋ ಬಲಗಡೆಯದೋ ಮುಂದಿನ ಭಾನುವಾರದೊಳಗೆ ತಿಳಿಸು. ಮನೆಗೆ ಫೋನ್ ಮಾಡಬೇಡ, ನಿನ್ನಪ್ಪ ಎತ್ತುತ್ತಾನೆ.