ಭುಜದ ಮೇಲಿನ ಕೈ

೧೫ ಡಿಸೆಂಬರ್ ೧೯೮೬, ತಾಳವಾಡಿ

ಸಕಲ ದೇವತೆಗಳ ಸಾಕ್ಷಿಯಾಗಿ ತಪ್ಪೊಪ್ಪಿಕೊಳ್ಳುತ್ತೇನೆ: ಅಪ್ಪನ ಟಾರ್ಚಿನಿಂದ ಎರಡು ಸೆಲ್ ಕದ್ದು ರೇಡಿಯೋಗೆ ಹಾಕಿದೆ. ಕಳ್ಳತನವೂ ಡಬಲ್ಸೇ. ಕತ್ತಲಲ್ಲಿ ಕೊಟ್ಟಿಗೆಗೆ ಹೋದ ಅಪ್ಪ ಎಮ್ಮೆಯ ಕಾಲು ತುಳಿದರು. ಎಮ್ಮೆ ಸುಮ್ಮನಿತ್ತು, ಅಪ್ಪ ಸುಮ್ಮನಿರಲಿಲ್ಲ.

ಇಷ್ಟು ಪಾಪ ಕಟ್ಟಿಕೊಂಡದ್ದು ಲಂಡನ್ನಿನ ಡಬಲ್ಸ್ ಟೆನಿಸ್ ಫೈನಲ್ಲಿನ ಫಲಿತಾಂಶಕ್ಕೆ. ವರ್ಷವಿಡೀ ಗೆದ್ದ ಜೋಡಿಗಳಷ್ಟೇ ವರ್ಷದ ಕೊನೆಗೆ ಆಡುವ ಪಂದ್ಯಾವಳಿ ಅದು. ವಾರ್ತೆ ಓದುವ ಮಹಾಶಯ ಕ್ರಿಕೆಟ್ಟನ್ನು ಜಗಿದು ಜಗಿದು ಉಗುಳಿದ ಮೇಲೆ, ಗೆದ್ದವರಲ್ಲಿ ಒಬ್ಬನ ಹೆಸರು ಹೇಳಿ, "ಮತ್ತು ಆತನ ಜೊತೆಗಾರ" ಎಂದು ಮುಗಿಸಿಬಿಟ್ಟ. ಏಕೆ, ಅವನಿಗೆ ಹೆತ್ತವರು ಹೆಸರಿಡಲಿಲ್ಲವೆ? ತನ್ನ ಲಗ್ನಪತ್ರಿಕೆಯಲ್ಲೂ ಈ ಅಯೋಗ್ಯ "ವಧು ಮತ್ತು ಇನ್ನೊಬ್ಬ" ಅಂತ ಅಚ್ಚು ಹಾಕಿಸಿದ್ದನೆ? ಮೈಯೆಲ್ಲ ಉರಿದುಹೋಯಿತು. ಮೈಸೂರಿನ ಕಾಲೇಜಿನಲ್ಲಿ ಡಬಲ್ಸ್ ಕಪ್ ಗೆದ್ದವನು ನಾನು, ಜೊತೆಗಾರನ ಬೆಲೆ ನನಗೆ ಗೊತ್ತು ಎಂದು ರೇಡಿಯೋಗೇ ಗದರಿಸಿದೆ.

ಅವರೆಕಾಯಿ ಸುಲಿಯುತ್ತಿದ್ದ ನನ್ನವಳು, ಪುಟ್ಟಮಲ್ಲಮ್ಮ, ತಲೆಯೆತ್ತಿದಳು. "ರೇಡಿಯೋದವ್ನ ಆಮೇಲ್ ಬಯ್ಯೀರಂತೆ. ಗ್ವಾಡೆ ಮ್ಯಾಲಿನ ಕಪ್ಪಿನ ಪಟದಲ್ಲಿ ನಿಮ್ ಎಗಲ ಮ್ಯಾಲೆ ಒಂದ್ ಕೈ ಅದಲ್ಲಾ, ಅದ್ ಯಾರ್ದು?"

ಸೆಲ್ ಮುಗಿಯಿತು ಎಂದು ಗೊಣಗಿ ಎದ್ದು ಬಂದೆ.

ಅದು ಶಂಭುಲಿಂಗಪ್ಪನ ಕೈ. ಚೆಂಡು ಬಂದಾಗಲೆಲ್ಲ "ನಿಂದು, ನಿಂದು" ಎಂದು ಕೂಗಿದ್ದು ನಾನು, ಓಡಿ ಹೊಡೆದು ಕಪ್ ಗೆದ್ದದ್ದು ಅವನು. ಹೆಣ್ಣಿನ ಮನೆಗೆ ಫೋಟೋ ಕಳಿಸುವಾಗ ನನಗಿಂತ ಅವನೇ ಚೆಂದ ಕಾಣುತ್ತಾನೆಂದು ಕತ್ತರಿಸಿಬಿಟ್ಟೆ. ಕೈಯನ್ನೂ ಕತ್ತರಿಸೋಣವೆಂದರೆ ನನ್ನ ಭುಜವೂ ಹೋಗುತ್ತಿತ್ತು, ಹಾಗಾಗಿ ಅದೊಂದು ಉಳಿಯಿತು.